ಓದಿದ ಪದವಿ ಒಂದು, ಹಿಡಿಯುವ ಕೆಲಸ ಇನ್ನೊಂದು: ನಾಲ್ಕು ದಾರಿಗಳ ಹೋಲಿಕೆ

ಓದಿದ ಕ್ಷೇತ್ರದಲ್ಲಿ ಮುಂದುವರಿಯಲು ಮನಸ್ಸಿಲ್ಲದವರ ಮುಂದೆ ಸಾಮಾನ್ಯವಾಗಿ ಎರಡೇ ದಾರಿಗಳನ್ನು ಇಡಲಾಗುತ್ತದೆ: ಹೇಗೋ ಸಹಿಸಿಕೊಂಡು ಅಲ್ಲಿಯೇ ಉಳಿಯುವುದು, ಇಲ್ಲವೇ ಎಲ್ಲವನ್ನೂ ಬಿಟ್ಟು ಮೊದಲಿನಿಂದ ಆರಂಭಿಸುವುದು. ವಾಸ್ತವದಲ್ಲಿ ದಾರಿಗಳು ಕನಿಷ್ಠ ನಾಲ್ಕಿವೆ. ಪದವಿಯ ಕ್ಷೇತ್ರದಲ್ಲಿಯೇ ಇದ್ದುಕೊಂಡು ಸಂಸ್ಥೆಯನ್ನೋ ಹುದ್ದೆಯ ಸ್ವರೂಪವನ್ನೋ ಬದಲಿಸಿಕೊಳ್ಳಬಹುದು; ಓದಿದ್ದರಲ್ಲಿ ಅರ್ಧದಷ್ಟಾದರೂ ಬಳಕೆಗೆ ಬರುವ ಪಕ್ಕದ ಕೆಲಸಕ್ಕೆ ಸರಿಯಬಹುದು; ಕಿರು ತರಬೇತಿ ಮತ್ತು ತಾನೇ ಮಾಡಿದ ಕೆಲಸದ ಮಾದರಿಗಳ ಬಲದಿಂದ ಪೂರ್ತಿ ಬೇರೆ ಕ್ಷೇತ್ರವನ್ನು ಪ್ರವೇಶಿಸಬಹುದು; ಅಥವಾ ಮತ್ತೊಂದು ಪದವಿಯನ್ನೇ ಪಡೆದು ಹೋಗಬಹುದು. ಈ ನಾಲ್ಕರಲ್ಲಿ ಎರಡನೆಯದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ, ನಾಲ್ಕನೆಯದಕ್ಕೆ ಅಗತ್ಯಕ್ಕಿಂತ ಹೆಚ್ಚು ಸಿಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ಕೊಡುತ್ತೇನೆ; ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು.

ಮೊದಲು ಪ್ರವೇಶದ ನಿಯಮ

ಆಸಕ್ತಿ, ಸಂಬಳ, ಭವಿಷ್ಯ ಇವುಗಳ ಚರ್ಚೆಗೆ ಮುಂಚೆ ಒಂದು ಒಣ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು: ನೀವು ಹೋಗಬಯಸುವ ಕೆಲಸಕ್ಕೆ ಕಾನೂನಿನ ಪ್ರಕಾರ ನಿರ್ದಿಷ್ಟ ಪದವಿ ಕಡ್ಡಾಯವೇ? ವೈದ್ಯಕೀಯ, ನರ್ಸಿಂಗ್, ಔಷಧ ವಿತರಣೆ, ವಕೀಲಿಕೆ, ವಾಸ್ತುಶಿಲ್ಪ ಮೊದಲಾದ ವೃತ್ತಿಗಳಲ್ಲಿ ಬಹುತೇಕ ಎಲ್ಲ ದೇಶಗಳಲ್ಲೂ ನೋಂದಣಿ ಅಥವಾ ಪರವಾನಗಿ ಇಲ್ಲದೆ ಕೆಲಸ ಮಾಡುವಂತಿಲ್ಲ, ಮತ್ತು ಆ ನೋಂದಣಿಗೆ ಮಾನ್ಯತೆ ಪಡೆದ ಶಿಕ್ಷಣವೇ ಬೇಕು. ಇಲ್ಲಿ ಎಷ್ಟೇ ಸ್ವಂತ ಅಧ್ಯಯನ ಮಾಡಿದರೂ ಅದು ಪದವಿಯ ಜಾಗದಲ್ಲಿ ನಿಲ್ಲುವುದಿಲ್ಲ.

ಆದರೆ ಈ ಗುಂಪಿನೊಳಗೂ ವ್ಯತ್ಯಾಸಗಳಿವೆ, ಮತ್ತು ಅವನ್ನು ತಿಳಿಯದೆ ಆಸೆ ಬಿಟ್ಟವರು ಬಹಳ ಮಂದಿ. ಅಮೆರಿಕದಲ್ಲಿ ಕಾನೂನು ಶಾಲೆಯ ಮೂರು ವರ್ಷಗಳ ವ್ಯಾಸಂಗಕ್ಕೆ ಯಾವ ವಿಷಯದಲ್ಲಿ ಮೊದಲ ಪದವಿ ಪಡೆದವರಾದರೂ ಸೇರಬಹುದು. ಅಲ್ಲಿನ ವೈದ್ಯಕೀಯ ಶಾಲೆಗಳೂ ಮೊದಲ ಪದವಿ ಇಂಥದ್ದೇ ಆಗಿರಬೇಕೆಂದು ಹೇಳುವುದಿಲ್ಲ, ಜೀವಶಾಸ್ತ್ರ, ರಸಾಯನಶಾಸ್ತ್ರಗಳಂಥ ಕೆಲವು ವಿಷಯಗಳನ್ನು ಓದಿರಬೇಕೆಂದು ಮಾತ್ರ ಕೇಳುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಿಂದ ಜಾರಿಯಲ್ಲಿರುವ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲರು) ಅರ್ಹತಾ ಪರೀಕ್ಷೆಯ ವ್ಯವಸ್ಥೆಯಲ್ಲಿ ಯಾವುದೇ ವಿಷಯದ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ, ಪರೀಕ್ಷೆಯಲ್ಲಿ ತೇರ್ಗಡೆ ಮತ್ತು ಎರಡು ವರ್ಷಗಳ ಕೆಲಸದ ಅನುಭವ ಇದ್ದವರಿಗೆ ದಾರಿ ತೆರೆದಿದೆ. ವಿಮಾ ಗಣಿತಜ್ಞರ, ಅಂದರೆ ಆಕ್ಚುಯರಿಗಳ, ವೃತ್ತಿಪರ ಪರೀಕ್ಷೆಗಳೂ ಹಣಕಾಸು ವಿಶ್ಲೇಷಕರ ಮೂರು ಹಂತಗಳ ಸಿಎಫ್‌ಎ ಪರೀಕ್ಷೆಯೂ ಪದವಿಯ ವಿಷಯವನ್ನು ಕೇಳುವುದಿಲ್ಲ. ಇಂಥ ಕಡೆ ಪರೀಕ್ಷೆಯೇ ಬಾಗಿಲು. ಅದು ಕಠಿಣವಾದರೂ ಪ್ರಾಮಾಣಿಕವಾದ ಬಾಗಿಲು, ಏಕೆಂದರೆ ಹಿಂದೆ ಏನು ಓದಿದ್ದಿರಿ ಎಂಬುದು ಅಲ್ಲಿ ಅಂಕಗಳನ್ನು ಕಡಿಮೆ ಮಾಡುವುದಿಲ್ಲ.

ಇನ್ನುಳಿದ ಬಹುಪಾಲು ಕೆಲಸಗಳಿಗೆ, ಸಾಫ್ಟ್‌ವೇರ್, ಮಾರಾಟ, ಪತ್ರಿಕೋದ್ಯಮ, ವಿನ್ಯಾಸ, ದತ್ತಾಂಶ ವಿಶ್ಲೇಷಣೆ, ಯೋಜನಾ ನಿರ್ವಹಣೆ ಇತ್ಯಾದಿಗಳಿಗೆ, ಕಾನೂನಿನ ಬೇಲಿ ಇಲ್ಲ. ಅಲ್ಲಿರುವುದು ನೇಮಕಾತಿ ಮಾಡುವವರ ರೂಢಿ. ಉದ್ಯೋಗ ಪ್ರಕಟಣೆಯಲ್ಲಿ ‘ಸಂಬಂಧಿತ ವಿಷಯದಲ್ಲಿ ಪದವಿ ಅಥವಾ ತತ್ಸಮಾನ ಅನುಭವ’ ಎಂದಿದ್ದರೆ ಆ ‘ಅಥವಾ’ವನ್ನು ಅಕ್ಷರಶಃ ಓದಬೇಕು, ‘ಕಡ್ಡಾಯ’ ಎಂದಿದ್ದರೆ ಆ ಸಂಸ್ಥೆಯ ಗಣಕೀಕೃತ ಶೋಧನೆಯಲ್ಲಿಯೇ ಅರ್ಜಿ ಬಿದ್ದುಹೋಗುವ ಸಾಧ್ಯತೆ ಇದೆಯೆಂದು ತಿಳಿದು, ಒಳಗಿನವರ ಮೂಲಕ ಪರಿಚಯ ಪಡೆಯುವ ದಾರಿಯನ್ನು ನೋಡಬೇಕು.

ವಿದೇಶದಲ್ಲಿ ಕೆಲಸ ಮಾಡುವ ಯೋಚನೆ ಇರುವವರು ಇನ್ನೊಂದು ನಿಯಮವನ್ನೂ ಪರಿಶೀಲಿಸಬೇಕು. ಅಮೆರಿಕದ ಎಚ್‌-1ಬಿ ವೀಸಾಕ್ಕೆ ಪದವಿಗೂ ಹುದ್ದೆಗೂ ನೇರ ಸಂಬಂಧ ಇರಬೇಕು; ಅಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಓದಿದ ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವ ಕೆಲಸದ ಅವಧಿಯ ವಿಸ್ತರಣೆಗೂ ಇದೇ ಷರತ್ತು ಇದೆ. ಸ್ವದೇಶದಲ್ಲಿ ಯಾರೂ ಪ್ರಶ್ನಿಸದ ಕ್ಷೇತ್ರ ಬದಲಾವಣೆ ವೀಸಾ ಅರ್ಜಿಯಲ್ಲಿ ವಿವರಣೆ ಕೇಳುವಂಥದ್ದಾಗಬಹುದು.

ಪದವಿಯ ಬೆಲೆ ಎಲ್ಲಿದೆ

ಹೋಲಿಕೆಗೆ ನೆರವಾಗುವ ಎರಡು ವಾದಗಳು ಅರ್ಥಶಾಸ್ತ್ರದಲ್ಲಿವೆ. 1992ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಗ್ಯಾರಿ ಬೆಕರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಮಾನವ ಬಂಡವಾಳದ ವಾದದ ಪ್ರಕಾರ ಶಿಕ್ಷಣವು ಕೌಶಲವನ್ನು ಹೆಚ್ಚಿಸುತ್ತದೆ, ಆ ಕೌಶಲಕ್ಕೆ ಮಾರುಕಟ್ಟೆ ಸಂಬಳ ಕೊಡುತ್ತದೆ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಮಂಡಿಸಿದ ಸಂಕೇತ ವಾದ ಬೇರೆ ಮಾತನ್ನು ಹೇಳುತ್ತದೆ: ಅಭ್ಯರ್ಥಿಯ ಸಾಮರ್ಥ್ಯ ಮಾಲೀಕನಿಗೆ ನೇರವಾಗಿ ಕಾಣದಿರುವುದರಿಂದ, ಕಷ್ಟದ ವ್ಯಾಸಂಗವೊಂದನ್ನು ಮುಗಿಸಿದ್ದಾರೆ ಎಂಬುದೇ ಸಾಮರ್ಥ್ಯದ ಗುರುತಾಗಿ ಕೆಲಸ ಮಾಡುತ್ತದೆ. ಸ್ಪೆನ್ಸ್ ಅವರಿಗೂ 2001ರಲ್ಲಿ ಅದೇ ಪುರಸ್ಕಾರ ದೊರೆಯಿತು.

ಕ್ಷೇತ್ರ ಬದಲಿಸುವವರಿಗೆ ಈ ವಾದಗಳು ಬರಿಯ ಸಿದ್ಧಾಂತವಾಗಿ ಉಳಿಯುವುದಿಲ್ಲ. ನಿಮ್ಮ ಪದವಿಯ ಬೆಲೆಯಲ್ಲಿ ಕೌಶಲದ ಪಾಲು ಹೆಚ್ಚಿದ್ದರೆ, ಅಂದರೆ ದಂತವೈದ್ಯಕೀಯದಂತೆ ಒಂದೇ ವೃತ್ತಿಗಾಗಿ ರೂಪಿಸಿದ ವ್ಯಾಸಂಗವಾಗಿದ್ದರೆ, ಹೊರಗೆ ಹೋದೊಡನೆ ಅದರ ಬಹುಭಾಗ ಅಲ್ಲಿಯೇ ಉಳಿದುಹೋಗುತ್ತದೆ. ಗುರುತಿನ ಪಾಲು ಹೆಚ್ಚಿದ್ದರೆ ಅದು ಸ್ವಲ್ಪ ಮಟ್ಟಿಗೆ ಎಲ್ಲಿಗೆ ಹೋದರೂ ನಿಮ್ಮ ಜೊತೆಗೇ ಬರುತ್ತದೆ. ಓದಿಗೆ ಸಂಬಂಧವಿಲ್ಲದ ಕೆಲಸ ಮಾಡುವವರ ಸಂಬಳವನ್ನು ಅಧ್ಯಯನ ಮಾಡಿದ ಸಂಶೋಧಕರು ಕಂಡದ್ದೂ ಇದಕ್ಕೆ ಹೊಂದುತ್ತದೆ: ನಿರ್ದಿಷ್ಟ ವೃತ್ತಿಗೆ ಸಿದ್ಧಪಡಿಸುವ ಪದವಿಗಳಿಂದ ಹೊರಬಂದವರಿಗೆ ಸಂಬಳದ ನಷ್ಟ ಹೆಚ್ಚು, ಸಾಹಿತ್ಯ ಮತ್ತು ಸಮಾಜ ವಿಜ್ಞಾನಗಳಂಥ ಸಾಮಾನ್ಯ ಸ್ವರೂಪದ ಪದವಿಗಳಿಂದ ಬಂದವರಿಗೆ ಕಡಿಮೆ. ವ್ಯಂಗ್ಯವೆಂದರೆ, ‘ಈ ಪದವಿ ಯಾವ ಕೆಲಸಕ್ಕೂ ನೇರವಾಗಿ ಬರುವುದಿಲ್ಲ’ ಎಂದು ಮೂಗು ಮುರಿಸಿಕೊಳ್ಳುವ ವಿಷಯಗಳನ್ನು ಓದಿದವರೇ ದಾರಿ ಬದಲಿಸುವಾಗ ಕಡಿಮೆ ಕಳೆದುಕೊಳ್ಳುತ್ತಾರೆ.

ಪಕ್ಕದ ಕೆಲಸ

ನಾಲ್ಕು ದಾರಿಗಳಲ್ಲಿ ಇದರ ಬಗ್ಗೆಯೇ ಹೆಚ್ಚು ಬರೆಯಬೇಕಾಗಿದೆ, ಏಕೆಂದರೆ ಇದು ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಕಾಲೇಜಿನ ವಿಭಾಗಗಳಿಗೆ ಹೆಸರುಗಳಿವೆ, ಜನಪ್ರಿಯ ವೃತ್ತಿಗಳಿಗೂ ಹೆಸರುಗಳಿವೆ. ಎರಡರ ನಡುವೆ ಇರುವ ನೂರಾರು ಹುದ್ದೆಗಳು ಒಳಗಿನವರಿಗೆ ಮಾತ್ರ ಗೊತ್ತಿರುತ್ತವೆ.

ರಸಾಯನಶಾಸ್ತ್ರದ ಪದವಿ ಪಡೆದು ಔಷಧ ಕಾರ್ಖಾನೆಯ ಗುಣಮಟ್ಟ ನಿಯಂತ್ರಣ ಪ್ರಯೋಗಾಲಯದಲ್ಲಿ ಇರುವವರೊಬ್ಬರನ್ನು ಊಹಿಸಿಕೊಳ್ಳಿ. ಮಾದರಿಯನ್ನು ತೂಗುವುದು, ಪ್ರಮಾಣಿತ ದ್ರಾವಣ ತಯಾರಿಸುವುದು, ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುವುದು, ಅದು ಕೊಡುವ ರೇಖಾನಕ್ಷೆಯ, ಅಂದರೆ ಕ್ರೊಮಟೊಗ್ರಾಮಿನ, ಶಿಖರಗಳನ್ನು ಲೆಕ್ಕ ಹಾಕುವುದು, ಫಲಿತಾಂಶ ಮಿತಿಯನ್ನು ಮೀರಿದರೆ ತಪ್ಪು ಯಂತ್ರದ್ದೋ ತಯಾರಿಸಿದವರದ್ದೋ ಅಥವಾ ಔಷಧದ್ದೇಯೋ ಎಂದು ಹುಡುಕುವುದು, ಪ್ರತಿ ಹೆಜ್ಜೆಯನ್ನೂ ದಾಖಲಿಸಿ ಸಹಿ ಹಾಕುವುದು ಅವರ ದಿನಚರಿ. ಪ್ರಯೋಗಾಲಯದ ಕೆಲಸ ಸಾಕಾಗಿ ಹೋದಾಗ ಇಂಥವರ ಮನಸ್ಸಿಗೆ ಮೊದಲು ಬರುವುದು ಕೋಡಿಂಗ್ ಕಲಿಯುವ ಆಲೋಚನೆ. ಅದಕ್ಕೆ ಮೊದಲು ಹತ್ತಿರದಲ್ಲೇ ಇರುವ ಹುದ್ದೆಗಳನ್ನು ನೋಡಬಹುದು: ಔಷಧಗಳ ಅನುಮೋದನೆಗೆ ಕಡತಗಳನ್ನು ಸಿದ್ಧಪಡಿಸುವ ನಿಯಂತ್ರಕ ವ್ಯವಹಾರ ವಿಭಾಗ, ಹೊಸ ಸಂಯುಕ್ತ ನಿಜಕ್ಕೂ ಹೊಸದೇ ಎಂದು ಹಳೆಯ ದಾಖಲೆಗಳಲ್ಲಿ ಹುಡುಕುವ ಪೇಟೆಂಟ್ ಶೋಧನೆ, ವೈದ್ಯಕೀಯ ಬರವಣಿಗೆ, ಉಪಕರಣ ತಯಾರಕರ ಪರವಾಗಿ ಗ್ರಾಹಕರಿಗೆ ತರಬೇತಿ ಕೊಡುವ ಅಪ್ಲಿಕೇಶನ್ ತಜ್ಞರ ಕೆಲಸ, ಪ್ರಯೋಗಾಲಯಗಳ ಮಾಹಿತಿ ನಿರ್ವಹಣೆಯ ಸಾಫ್ಟ್‌ವೇರನ್ನು ಅಳವಡಿಸುವ ಕೆಲಸ.

ಕೊನೆಯದನ್ನೇ ತೆಗೆದುಕೊಂಡರೆ, ರೆಸ್ಯೂಮೆಯಲ್ಲಿ ‘ಎಚ್‌ಪಿಎಲ್‌ಸಿ ಯಂತ್ರದಲ್ಲಿ ಮಾದರಿಗಳನ್ನು ಪರೀಕ್ಷಿಸಿದ ಅನುಭವ’ ಎಂದು ಬರೆದರೆ ಆ ನೇಮಕಾತಿ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ‘ಮಾದರಿ ಸ್ವೀಕಾರದಿಂದ ಅಂತಿಮ ವರದಿಯವರೆಗೆ ಪ್ರತಿ ಅಂಕಿ ಎಲ್ಲಿ ಹುಟ್ಟುತ್ತದೆ, ಯಾರ ಸಹಿಯಿಂದ ಮುಂದೆ ಹೋಗುತ್ತದೆ ಎಂಬುದನ್ನು ಬಲ್ಲೆ, ಮಿತಿ ಮೀರಿದ ಫಲಿತಾಂಶಗಳ ಮೂಲವನ್ನು ಪತ್ತೆಹಚ್ಚಿ ದಾಖಲಿಸಿದ್ದೇನೆ’ ಎಂದು ಬರೆದರೆ, ಬರಿಯ ಗಣಕ ವಿಜ್ಞಾನ ಓದಿದ ಅಭ್ಯರ್ಥಿಗೆ ಇಲ್ಲದ ಒಂದು ಬಲ ಇವರಿಗೆ ಇದೆಯೆಂದು ಗೊತ್ತಾಗುತ್ತದೆ. ಅನುಭವ ಎರಡು ಸಾಲುಗಳಲ್ಲೂ ಒಂದೇ. ಎರಡನೆಯ ಸಾಲು ಅದನ್ನು ಓದುವವರ ಅಗತ್ಯಕ್ಕೆ ಹೊಂದಿಸಿ ಹೇಳುತ್ತದೆ.

ದೂರದ ಕ್ಷೇತ್ರವೇ ಗುರಿಯಾಗಿದ್ದರೂ ಪಕ್ಕದ ಕೆಲಸ ಒಂದು ತಂಗುದಾಣವಾಗಬಲ್ಲದು. ಪ್ರತಿ ಉದ್ಯೋಗಕ್ಕೂ ಎರಡು ಮುಖಗಳಿವೆ: ಯಾವ ಉದ್ಯಮ ಎಂಬುದು ಒಂದು, ಅದರಲ್ಲಿ ಮಾಡುವ ಕೆಲಸ ಯಾವುದು ಎಂಬುದು ಇನ್ನೊಂದು. ಎರಡನ್ನೂ ಒಮ್ಮೆಗೇ ಬದಲಿಸಲು ಹೊರಟವರಿಗೆ ತೋರಿಸಲು ಏನೂ ಇರುವುದಿಲ್ಲ. ವಾಹನ ಕಾರ್ಖಾನೆಯಲ್ಲಿರುವ ಮೆಕ್ಯಾನಿಕಲ್ ಎಂಜಿನಿಯರ್ ಬ್ಯಾಂಕೊಂದರಲ್ಲಿ ದತ್ತಾಂಶ ವಿಶ್ಲೇಷಕರಾಗಬೇಕೆಂದಿದ್ದರೆ, ಮೊದಲು ಅದೇ ಕಾರ್ಖಾನೆಯ ಉತ್ಪಾದನಾ ಯೋಜನೆಯ ವಿಭಾಗದಲ್ಲಿ ವಿಶ್ಲೇಷಣೆಯ ಕೆಲಸಕ್ಕೆ ಸರಿದು, ಯಂತ್ರಗಳ ನಿಲುಗಡೆಯ ದತ್ತಾಂಶದಿಂದ ಉಪಯುಕ್ತವಾದ ಏನನ್ನಾದರೂ ಕಂಡುಹಿಡಿದು, ಆಮೇಲೆ ವಿಶ್ಲೇಷಕ ಎಂಬ ಹುದ್ದೆಯ ಹೆಸರಿನೊಂದಿಗೆ ಉದ್ಯಮವನ್ನು ಬದಲಿಸುವುದು ಸುಲಭ. ಸಮಯ ಹೆಚ್ಚು ಹಿಡಿಯುತ್ತದೆ ಎಂಬುದು ನಿಜ, ಆದರೆ ಆ ಸಮಯದುದ್ದಕ್ಕೂ ಸಂಬಳ ಬರುತ್ತಿರುತ್ತದೆ.

ಇದರ ದೋಷಗಳನ್ನೂ ಮುಚ್ಚಿಡಬಾರದು. ಒಳಗಿನ ವರ್ಗಾವಣೆ ಮೇಲಧಿಕಾರಿಯ ಒಪ್ಪಿಗೆಯನ್ನು ಅವಲಂಬಿಸಿರುತ್ತದೆ, ಮತ್ತು ಒಳ್ಳೆಯ ಕೆಲಸಗಾರರನ್ನು ಬಿಟ್ಟುಕೊಡಲು ಅವರಿಗೆ ಮನಸ್ಸು ಬರುವುದಿಲ್ಲ. ಬೇಸರ ಹುಟ್ಟಿಸಿದ್ದು ಕಡತ ಮತ್ತು ನಿಯಮಗಳ ವಾತಾವರಣವೇ ಆಗಿದ್ದರೆ, ನಿಯಂತ್ರಕ ವ್ಯವಹಾರಕ್ಕೆ ಹೋದವರಿಗೆ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗುತ್ತದೆ. ಆದ್ದರಿಂದ ಹಳೆಯ ಕೆಲಸದಲ್ಲಿ ಸಹಿಸಲಾಗದ್ದು ನಿಖರವಾಗಿ ಯಾವುದು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು: ವಿಷಯವೇ, ದಿನದ ಕೆಲಸವೇ, ಜೊತೆಗಿರುವ ಜನರೇ, ಅಥವಾ ಸಂಬಳವೇ? ಜನರು ಎಂಬುದು ಉತ್ತರವಾದರೆ ಬದಲಿಸಬೇಕಾದದ್ದು ಸಂಸ್ಥೆಯನ್ನು, ಕ್ಷೇತ್ರವನ್ನಲ್ಲ.

ಕಿರು ತರಬೇತಿಯೋ ಎರಡನೇ ಪದವಿಯೋ

ಪೂರ್ತಿ ಬೇರೆ ಕ್ಷೇತ್ರಕ್ಕೇ ಹೋಗಬೇಕೆಂದು ನಿರ್ಧರಿಸಿದವರಿಗೆ ಉಳಿಯುವ ಪ್ರಶ್ನೆ ಇದು, ಮತ್ತು ಇಲ್ಲಿ ಲೆಕ್ಕ ಹಾಕದೆ ಮಾತಾಡುವುದು ವ್ಯರ್ಥ. ಹಣದ ಮೊತ್ತ ಎಲ್ಲೆಡೆ ಒಂದೇ ಇರುವುದಿಲ್ಲವಾದ್ದರಿಂದ ಈಗಿನ ಒಂದು ತಿಂಗಳ ಸಂಬಳವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ಊಹೆಯವು, ನಿಮ್ಮ ಅಂಕಿಗಳನ್ನು ಹಾಕಿಕೊಂಡು ನೋಡುವುದಕ್ಕಾಗಿ ಕೊಟ್ಟಿರುವಂಥವು.

ಕೆಲಸ ಬಿಟ್ಟು 2 ವರ್ಷಗಳ ಪದವಿಗೆ ಸೇರಿದರೆ 24 ತಿಂಗಳ ಸಂಬಳ ಕೈತಪ್ಪುತ್ತದೆ. ಶುಲ್ಕ 10 ತಿಂಗಳ ಸಂಬಳದಷ್ಟು ಎಂದುಕೊಂಡರೆ ಒಟ್ಟು ವೆಚ್ಚ 34 ತಿಂಗಳ ಸಂಬಳ. ಹೊಸ ಕೆಲಸ ಹಳೆಯದಕ್ಕಿಂತ 20 ಶೇಕಡಾ ಹೆಚ್ಚು ಕೊಡುತ್ತದೆ ಎಂದಿಟ್ಟುಕೊಂಡರೂ ಪ್ರತಿ ತಿಂಗಳ ಲಾಭ ಹಳೆಯ ಸಂಬಳದ ಐದನೆಯ ಒಂದು ಭಾಗ ಮಾತ್ರ; ಅಂದರೆ ಹಾಕಿದ ಖರ್ಚು ಮರಳಿ ಬರಲು 170 ತಿಂಗಳು, 14 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಕೆಲಸದಲ್ಲಿದ್ದುಕೊಂಡೇ ಕಿರು ತರಬೇತಿ ಪಡೆದು, 2 ತಿಂಗಳ ಸಂಬಳದಷ್ಟು ಶುಲ್ಕ ಕಟ್ಟಿ, ಹೊಸ ಕ್ಷೇತ್ರದಲ್ಲಿ ಮೊದಲ 2 ವರ್ಷ 25 ಶೇಕಡಾ ಕಡಿಮೆ ಸಂಬಳಕ್ಕೆ ದುಡಿದರೆ ವೆಚ್ಚ 2 ಮತ್ತು 6 ಸೇರಿ 8 ತಿಂಗಳ ಸಂಬಳ. ಆ ಬಳಿಕ ಅದೇ 20 ಶೇಕಡಾ ಏರಿಕೆ ಸಿಕ್ಕರೆ 40 ತಿಂಗಳಲ್ಲಿ ಲೆಕ್ಕ ಸರಿಹೋಗುತ್ತದೆ. ಮೊದಲ ಎರಡು ವರ್ಷಗಳನ್ನೂ ಸೇರಿಸಿದರೆ 64 ತಿಂಗಳು. ಸಂಬಳದ ವಾರ್ಷಿಕ ಏರಿಕೆ, ಸಾಲದ ಬಡ್ಡಿ, ತೆರಿಗೆ ಇವನ್ನೆಲ್ಲ ಸೇರಿಸಿದಾಗ ಅಂಕಿ ಬದಲಾಗುತ್ತದೆ, ಆದರೆ ಎರಡರ ನಡುವಿನ ಅಂತರದ ಬಹುಭಾಗ ಕೈತಪ್ಪಿದ ಸಂಬಳದಿಂದ ಬರುತ್ತದೆ ಎಂಬುದು ಬದಲಾಗುವುದಿಲ್ಲ. ಕಾಲೇಜುಗಳ ಕೈಪಿಡಿಗಳು ಶುಲ್ಕವನ್ನು ಮಾತ್ರ ಮುದ್ರಿಸುತ್ತವೆ.

ಹಾಗೆಂದು ಎರಡನೇ ಪದವಿ ಯಾವಾಗಲೂ ದುಂದು ಎನ್ನಲಾಗದು. ಕಾನೂನು ಅದನ್ನು ಕೇಳುವಲ್ಲಿ ಬೇರೆ ದಾರಿಯೇ ಇಲ್ಲ. ಒಂದರ ಮೇಲೊಂದು ಕಟ್ಟಿಕೊಂಡು ಹೋಗುವ, ಕೆಲಸದ ನಡುವೆ ಬಿಡಿಬಿಡಿಯಾಗಿ ಕಲಿಯಲು ಬಾರದ ಜ್ಞಾನ ಬೇಕಾಗುವ ಕ್ಷೇತ್ರಗಳಲ್ಲೂ ಅದು ಸರಿಯಾದ ಆಯ್ಕೆ. ವೆಂಕಟ್ರಾಮನ್ ರಾಮಕೃಷ್ಣನ್ 1976ರಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದ ಮೇಲೆ ಜೀವಶಾಸ್ತ್ರ ಕಲಿಯಲೆಂದು ಮತ್ತೆ ವಿದ್ಯಾರ್ಥಿಯಾಗಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ರಚನೆಯ ಅಧ್ಯಯನಕ್ಕಾಗಿ 2009ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು. ಕಾಲೇಜಿನಲ್ಲಿ ಇತಿಹಾಸ ಓದಿದ ಎಡ್ವರ್ಡ್ ವಿಟ್ಟನ್ ಗಣಿತದ ಫೀಲ್ಡ್ಸ್ ಪದಕವನ್ನು 1990ರಲ್ಲಿ ಪಡೆದರು, ಆದರೆ ನಡುವೆ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ್ದರು. ಇಂಥ ಹೆಸರುಗಳನ್ನು ‘ಪದವಿ ಲೆಕ್ಕಕ್ಕಿಲ್ಲ’ ಎನ್ನುವುದಕ್ಕೆ ಸಾಕ್ಷಿಯಾಗಿ ಉಲ್ಲೇಖಿಸುವುದನ್ನು ಆಗಾಗ ಕಾಣುತ್ತೇವೆ. ಅವರಿಬ್ಬರೂ ಹೊಸ ಕ್ಷೇತ್ರದ ಔಪಚಾರಿಕ ವ್ಯಾಸಂಗಕ್ಕೆ ಮರಳಿದವರು ಎಂಬ ಭಾಗ ಮಾತ್ರ ಆ ಉಲ್ಲೇಖಗಳಲ್ಲಿ ಇರುವುದಿಲ್ಲ.

ಕಿರು ತರಬೇತಿಯ ದೌರ್ಬಲ್ಯ ಬೇರೆ ಬಗೆಯದು. ಪ್ರಮಾಣಪತ್ರ ಸುಲಭವಾಗಿ ಸಿಗುವುದರಿಂದಲೇ ಅದಕ್ಕೆ ಗುರುತಿನ ಬೆಲೆ ಕಡಿಮೆ. ಸ್ಪೆನ್ಸ್ ಅವರ ವಾದ ಇಲ್ಲಿ ಚೆನ್ನಾಗಿ ಅನ್ವಯಿಸುತ್ತದೆ. ಆದ್ದರಿಂದ ತರಬೇತಿಯ ಜೊತೆಗೆ ಬೇರೊಬ್ಬರು ತೆರೆದು ನೋಡಬಹುದಾದ ಕೆಲಸವೊಂದು ಇರಲೇಬೇಕು. ತರಬೇತಿಯಲ್ಲಿ ಎಲ್ಲರೂ ಮಾಡಿದ ಅಭ್ಯಾಸದ ಯೋಜನೆಗೆ ಇಂಥ ಬೆಲೆ ಇಲ್ಲ. ನಿಜವಾದ ಬಳಕೆದಾರರಿರುವ ಸಣ್ಣ ಉಪಕರಣ, ಯಾರೋ ಹಣ ಕೊಟ್ಟು ಮಾಡಿಸಿಕೊಂಡ ವಿನ್ಯಾಸ, ಪ್ರಕಟವಾದ ವರದಿ ಇವು ನಡೆಯುತ್ತವೆ. ತರಬೇತಿ ಸಂಸ್ಥೆಯೊಂದು ‘ನೂರಕ್ಕೆ ನೂರು ಉದ್ಯೋಗ’ ಎಂದು ಹೇಳಿದರೆ, ಆ ನೂರರಲ್ಲಿ ಯಾರನ್ನು ಎಣಿಸಿದ್ದಾರೆ, ಎಷ್ಟು ತಿಂಗಳೊಳಗೆ, ಯಾವ ಹುದ್ದೆಗೆ ಎಂದು ಕೇಳಿ. ಕಳೆದ ತಂಡದಲ್ಲಿ ನಿಮ್ಮಂತೆಯೇ ಬೇರೆ ಕ್ಷೇತ್ರದಿಂದ ಬಂದಿದ್ದ ಇಬ್ಬರೊಂದಿಗೆ ಮಾತಾಡಲು ಅವಕಾಶ ಕೇಳಿ. ಹಿಂದೇಟು ಹಾಕಿದರೆ ಅದೇ ಉತ್ತರ.

ಉಳಿಯುವುದು ಸರಿಯಾಗುವ ಸಂದರ್ಭ

ಹೊರಡುವುದನ್ನು ಧೈರ್ಯವೆಂದೂ ಉಳಿಯುವುದನ್ನು ಹೇಡಿತನವೆಂದೂ ಚಿತ್ರಿಸುವ ಮಾತುಗಳು ಈಗ ಹೇರಳವಾಗಿವೆ. ಅವುಗಳಿಂದ ಸ್ವಲ್ಪ ದೂರವಿರುವುದು ಒಳ್ಳೆಯದು. ಮೊದಲ ಹುದ್ದೆಯ ಮೊದಲ ವರ್ಷ ಬಹುತೇಕ ಎಲ್ಲ ಕ್ಷೇತ್ರಗಳಲ್ಲೂ ನೀರಸವಾಗಿರುತ್ತದೆ, ಏಕೆಂದರೆ ಹೊಸಬರಿಗೆ ಸಿಗುವುದು ಉಳಿದವರು ಬೇಡವೆಂದ ಕೆಲಸ. ಕ್ಷೇತ್ರ ಬದಲಿಸಿದರೆ ಅಂಥ ವರ್ಷ ಇನ್ನೊಮ್ಮೆ ಬರುತ್ತದೆ. ಐದಾರು ವರ್ಷ ಹಿರಿಯರಾದವರ ದಿನ ಹೇಗಿರುತ್ತದೆಂದು ವಿಚಾರಿಸಿ, ಆ ಕೆಲಸ ನಿಮಗೆ ಬೇಕೆನಿಸಿದರೆ ಉಳಿಯಲು ಅದು ಸಾಕಷ್ಟು ಕಾರಣ.

ಸಾಕಾಗದ ಕಾರಣವೆಂದರೆ ‘ಇಷ್ಟು ವರ್ಷ ಓದಿದ್ದೇನಲ್ಲ’ ಎಂಬುದು. 1985ರಲ್ಲಿ ಪ್ರಕಟವಾದ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಅವರ ಅಧ್ಯಯನವೊಂದರಲ್ಲಿ ನಾಟಕಗಳ ಇಡೀ ಋತುವಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ಣ ಬೆಲೆಗೆ, ಕೆಲವರಿಗೆ ರಿಯಾಯಿತಿ ದರದಲ್ಲಿ ಕೊಡಲಾಯಿತು. ಯಾರಿಗೆ ಯಾವ ದರ ಎಂಬುದನ್ನು ಅವರ ಆಸಕ್ತಿ ನೋಡಿ ನಿರ್ಧರಿಸಿರಲಿಲ್ಲ. ಆದರೂ ಋತುವಿನ ಮೊದಲರ್ಧದಲ್ಲಿ ಪೂರ್ಣ ಬೆಲೆ ತೆತ್ತವರೇ ಹೆಚ್ಚು ನಾಟಕಗಳಿಗೆ ಬಂದರು. ತೆತ್ತ ಹಣ ಅವರನ್ನು ಎಳೆದು ತಂದಿತ್ತು. ಮರಳಿ ಬಾರದ ವೆಚ್ಚ ಮುಂದಿನ ನಿರ್ಧಾರವನ್ನು ಆಳುವ ಈ ಪ್ರವೃತ್ತಿ ಪದವಿಯ ವಿಚಾರದಲ್ಲಿ ಇನ್ನೂ ಬಲವಾಗಿರುತ್ತದೆ, ಏಕೆಂದರೆ ಅಲ್ಲಿ ತೆತ್ತದ್ದರಲ್ಲಿ ಹೆತ್ತವರ ಹಣವೂ ಸೇರಿರುತ್ತದೆ. ಅವರಿಗೆ ವಿವರಿಸಬೇಕಾದ ಹೊಣೆ ನಿಮ್ಮ ಮೇಲಿದೆ, ಆದರೆ ಆ ಹೊಣೆಯನ್ನು ಮುಂದಿನ ಮೂವತ್ತು ವರ್ಷಗಳ ಕೆಲಸದಿಂದ ತೀರಿಸಬೇಕಾಗಿಲ್ಲ.

ನಿರ್ಧಾರಕ್ಕೆ ಮೊದಲಿನ ಪರೀಕ್ಷೆ

ದೂರದ ಬೆಟ್ಟ ನುಣ್ಣಗೆ ಕಾಣುವುದನ್ನು ತಡೆಯಲು ಇರುವ ಉಪಾಯ ಹೊಸ ಕೆಲಸದ ಅತಿ ಸಾಮಾನ್ಯ ಭಾಗವನ್ನು ಮುಂಚಿತವಾಗಿ ಮಾಡಿ ನೋಡುವುದು. ದತ್ತಾಂಶ ವಿಶ್ಲೇಷಣೆ ಎಂದರೆ ಸುಂದರ ನಕ್ಷೆಗಳೆಂದು ಭಾವಿಸಿದವರು ಒಂದೇ ಊರಿನ ಹೆಸರನ್ನು ಹತ್ತು ಬಗೆಯಲ್ಲಿ ಬರೆದಿರುವ, ಅರ್ಧ ದಿನಾಂಕಗಳು ತಿರುವುಮುರುವಾಗಿರುವ ಕೋಷ್ಟಕವೊಂದನ್ನು ತೆಗೆದುಕೊಂಡು ಶುಚಿಗೊಳಿಸಲಿ. ಬರವಣಿಗೆಯ ವೃತ್ತಿ ಬೇಕೆಂದವರು ತಮಗೆ ಆಸಕ್ತಿಯಿಲ್ಲದ ವಿಷಯದ ಮೇಲೆ, ಬೇರೆಯವರು ಕೊಟ್ಟ ಗಡುವಿನೊಳಗೆ ಬರೆದು, ಅವರು ಹೇಳಿದ ತಿದ್ದುಪಡಿಗಳನ್ನೆಲ್ಲ ಮಾಡಿ ನೋಡಲಿ. ಅಧ್ಯಾಪನ ಆಕರ್ಷಿಸುತ್ತಿದ್ದರೆ ಉತ್ತರ ಪತ್ರಿಕೆಗಳ ಕಟ್ಟೊಂದನ್ನು ತಿದ್ದಿ ನೋಡಲಿ. ಇಷ್ಟಾದ ಮೇಲೂ ಮನಸ್ಸು ಅತ್ತಲೇ ಎಳೆದರೆ ಆ ಎಳೆತವನ್ನು ನಂಬಬಹುದು.

ಸಂದರ್ಶನದಲ್ಲಿ ‘ಓದಿದ್ದು ಒಂದು, ಇಲ್ಲಿಗೆ ಬಂದಿರುವುದೇಕೆ’ ಎಂಬ ಪ್ರಶ್ನೆ ಖಚಿತವಾಗಿ ಬರುತ್ತದೆ. ಕೇಳುವವರ ಅನುಮಾನ ಸಾಮಾನ್ಯವಾಗಿ ಎರಡು: ಇವರಿಗೆ ಈ ಕೆಲಸ ಬರುತ್ತದೆಯೇ, ಮತ್ತು ಇಲ್ಲಿಂದಲೂ ಬೇಗನೆ ಹೊರಟುಬಿಡುತ್ತಾರೆಯೇ. ಮೊದಲನೆಯದಕ್ಕೆ ಮಾಡಿದ ಕೆಲಸವನ್ನು ತೋರಿಸಬೇಕು. ಎರಡನೆಯದಕ್ಕೆ ಹಳೆಯ ಕ್ಷೇತ್ರವನ್ನು ಹಳಿಯುವುದು ಅತ್ಯಂತ ಕೆಟ್ಟ ಉತ್ತರ. ಈ ಕೆಲಸದ ನೀರಸ ಭಾಗ ಯಾವುದೆಂದು ಗೊತ್ತಿದೆ, ಅದನ್ನು ಮಾಡಿ ನೋಡಿಯೇ ಬಂದಿದ್ದೇನೆ ಎಂದು ಒಂದು ಉದಾಹರಣೆಯೊಂದಿಗೆ ಹೇಳಬಲ್ಲವರ ಮಾತನ್ನು ಕೇಳುವವರು ನಂಬುತ್ತಾರೆ. ಪದವಿಯ ವಿಷಯವನ್ನು ರೆಸ್ಯೂಮೆಯಲ್ಲಿ ಮರೆಮಾಡುವ ಅಗತ್ಯವಿಲ್ಲ, ಆದರೆ ಅದನ್ನು ಮೊದಲ ಸಾಲಿನಲ್ಲೇ ಇಡಬೇಕೆಂಬ ನಿಯಮವೂ ಇಲ್ಲ; ಹೊಸ ಕ್ಷೇತ್ರದಲ್ಲಿ ಮಾಡಿದ ಕೆಲಸ ಮೇಲೆ ಬರಲಿ, ಶಿಕ್ಷಣದ ವಿವರ ಕೊನೆಗಿರಲಿ.